ಎಕ್ಸೋ ಟೆರಾ ಬ್ರ್ಯಾಂಡಿನ 30×30×30 ಸೆಂ.ಮೀ. ಗಾಜಿನ ಪೆಟ್ಟಿಗೆ: ಮೊದಲ ಟರಾಂಟುಲಾ ಜೇಡಕ್ಕೆ ಆದೀತು, ಮುಚ್ಚಳ ಬದಲಿಸಿದರೆ

ಚಿಲಿಯ ರೋಸ್ ಹೇರ್‌ನಂಥ ನೆಲವಾಸಿ, ನಿಧಾನದ ಟರಾಂಟುಲಾ ಬೆಳೆದು ಅಂಗೈಯಗಲ ಆದಮೇಲೆ ಈ ಪೆಟ್ಟಿಗೆ ಸಾಕು. ಮರಿಗೆ ತೀರಾ ದೊಡ್ಡದು. ಮುಂಬಾಗಿಲು, ಗಾಳಿಕಿಂಡಿ ಚೆನ್ನಾಗಿವೆ. ತೊಂದರೆ ಇರುವುದು ಮೇಲಿನ ಲೋಹದ ಜಾಲರಿಯಲ್ಲಿ. ಜೇಡ ಗಾಜು ಹತ್ತಿ ಅದಕ್ಕೆ ಜೋತುಬಿದ್ದರೆ ಕಾಲಿನ ಉಗುರು ಸಿಕ್ಕಿಕೊಳ್ಳುತ್ತದೆ; ಒದ್ದಾಡಿ ಕಾಲು ಕಳೆದುಕೊಳ್ಳಬಹುದು, ಬಿದ್ದು ಹೊಟ್ಟೆ ಒಡೆದು ಸಾಯಲೂಬಹುದು. ಜಾಲರಿ ತೆಗೆದು, 3 ಮಿ.ಮೀ. ತೂತು ಕೊರೆದ 4 ಮಿ.ಮೀ. ದಪ್ಪದ ಅಕ್ರಿಲಿಕ್ ಹಾಳೆ ಕೂರಿಸಿ.

ಎತ್ತರವೂ ಹೆಚ್ಚೇ. ಮಣ್ಣಿನಿಂದ ಮುಚ್ಚಳದವರೆಗಿನ ಅಂತರ ಜೇಡದ ಕಾಲಗಲದ (ಚಾಚಿದ ಕಾಲುಗಳ ತುದಿಯಿಂದ ತುದಿಗಿರುವ ಅಳತೆ) ಒಂದೂವರೆ ಪಟ್ಟು ಮೀರದಿದ್ದರೆ ಒಳ್ಳೆಯದು. ತುಸು ತೇವದ ಕೋಕೋಪೀಟನ್ನು ಮುಂದೆ ಬಾಗಿಲಂಚಿನವರೆಗೆ, ಹಿಂದೆ 15 ಸೆಂ.ಮೀ. ಇಳಿಜಾರಾಗಿ ಒತ್ತಿ ತುಂಬಿ, ಒಣಗಿಸಿ. ಓರೆಯಾಗಿ ಹೂತ ಕಾರ್ಕ್ ತೊಗಟೆ, ಒಂದು ನೀರಿನ ಬಟ್ಟಲು ಸಾಕು. ಅಡಿಯಲ್ಲಿ ಹೀಟ್ ಮ್ಯಾಟ್ (ಬಿಸಿ ಕೊಡುವ ವಿದ್ಯುತ್ ಹಾಸು) ಬೇಡವೇ ಬೇಡ: ತಂಪು ಹುಡುಕಿ ಕೆಳಗೆ ತೋಡುವ ಜೀವಿ ಬಿಸಿಗೇ ಇಳಿಯುತ್ತದೆ.