ಡಾಂಗಲ್‌ನಿಂದ ಎಸ್‌ಎಂಎಸ್: ಗಮ್ಮು, ಎಂಎಂಸಿಎಲ್‌ಐ, ಎಸ್‌ಎಂಎಸ್ ಟೂಲ್ಸ್ ಪೈಕಿ ಯಾವುದು?

ಲಿನಕ್ಸ್‌ಗೆ ಸಿಮ್ ಹಾಕಿದ ಯುಎಸ್‌ಬಿ ಮೋಡೆಮ್ (ಡಾಂಗಲ್) ಚುಚ್ಚಿ ಸಂದೇಶ ಕಳಿಸೋಕೆ ಯಾವುದು ಒಳ್ಳೇದು ಅಂತ ಕೇಳಿದ್ದಿರಿ. ಗಮ್ಮು, ಎಂಎಂಸಿಎಲ್‌ಐ (mmcli), ಎಸ್‌ಎಂಎಸ್ ಟೂಲ್ಸ್ ಮೂರೂ ಈ ಕೆಲಸದ ತಂತ್ರಾಂಶಗಳೇ, ಮೂರೂ ಪುಕ್ಕಟೆ. ಖರ್ಚೇನಿದ್ದರೂ ಸಿಮ್ಮಿನದು.

ಹೊಂದಿಸುವ ಸುಲಭ ನೋಡಿದರೆ ಎಂಎಂಸಿಎಲ್‌ಐ ಮುಂದೆ. ಲಿನಕ್ಸ್‌ನಲ್ಲಿ ಮೋಡೆಮ್‌ಗಳನ್ನು ನೋಡಿಕೊಳ್ಳುವ ಮೋಡೆಮ್ ಮ್ಯಾನೇಜರ್‌ಗೆ ಆಜ್ಞೆ ಕೊಡೋ ಸಾಧನ ಇದು. ಆ ಮ್ಯಾನೇಜರ್ ಡಾಂಗಲ್ಲನ್ನು ತಾನೇ ಗುರುತಿಸುತ್ತೆ, ಕಾನ್ಫಿಗ್ (ಹೊಂದಿಕೆಯ) ಫೈಲ್ ಬರೆಯೋದೇ ಬೇಡ. ಆದರೆ ಸಂದೇಶ ಸೃಷ್ಟಿಸಲು ಒಂದು ಕಮ್ಯಾಂಡ್, ಕಳಿಸಲು ಇನ್ನೊಂದು. ಗಮ್ಮುವಿಗೆ ಎರಡು-ಮೂರು ಸಾಲಿನ ಫೈಲ್ ಸಾಕು: ಯಾವ ಪೋರ್ಟ್, ಯಾವ ವೇಗ. ಪೇಚಾಟ ಇರೋದು ಬೇರೆ ಕಡೆ. ಮೋಡೆಮ್ ಮ್ಯಾನೇಜರ್ ಅದೇ ಪೋರ್ಟನ್ನು ಹಿಡಿದು ಕೂತಿದ್ದರೆ ಗಮ್ಮು ಬಾಯಿ ಬಿಡೋದಿಲ್ಲ. ನಾನು ಇದಕ್ಕೇ ಅರ್ಧ ದಿನ ಕೇಬಲ್ ಬದಲಿಸುತ್ತ ಕೂತಿದ್ದೆ. ಉಬುಂಟುವಿನಲ್ಲಿ ಪೋರ್ಟ್ ಬಳಸೋಕೆ ನಿಮ್ಮ ಬಳಕೆದಾರ ಖಾತೆ 'ಡಯಲ್‌ಔಟ್' ಗುಂಪಿನಲ್ಲಿ ಇರಬೇಕು ಅನ್ನೋದನ್ನೂ ಮರೀಬೇಡಿ.

ಕನ್ನಡದಲ್ಲಿ ಕಳಿಸೋದಾದರೆ ಲೆಕ್ಕ ಬೇರೆ. ಒಂದು ಸಂದೇಶದಲ್ಲಿ ಇಂಗ್ಲಿಷಿಗೆ 160 ಜಾಗ, ಕನ್ನಡಕ್ಕೆ 70. ಅದರಲ್ಲೂ 'ಸ್ತ್ರೀ' ಅನ್ನೋ ಒಂದೇ ಅಕ್ಷರ 6 ಜಾಗ ತಿನ್ನುತ್ತೆ! ಎಂಎಂಸಿಎಲ್‌ಐಗೆ ಇದನ್ನು ಹೇಳಬೇಕಿಲ್ಲ. ಗಮ್ಮುವಿಗೆ 'ಯೂನಿಕೋಡ್' ಅಂತ ಸೇರಿಸಬೇಕು. ಎಸ್‌ಎಂಎಸ್ ಟೂಲ್ಸ್‌ಗಾದರೆ ಫೈಲಿನ ತಲೆಯಲ್ಲೇ ಲಿಪಿ ಸಂಕೇತ ನಮೂದಿಸಬೇಕು.

ಹಗಲೂ ರಾತ್ರಿ ಸಂದೇಶ ಹೋಗ್ತಾ ಇರಬೇಕಾ? ಹಾಗಾದರೆ ಎಸ್‌ಎಂಎಸ್ ಟೂಲ್ಸ್. ಒಂದು ಫೋಲ್ಡರಿನಲ್ಲಿ ಪಠ್ಯದ ಫೈಲ್ ಇಟ್ಟರಾಯಿತು, ಅದೇ ಎತ್ತಿಕೊಂಡು ಸಾಲಾಗಿ ಕಳಿಸುತ್ತೆ, ಹಲವು ಮೋಡೆಮ್‌ಗಳನ್ನೂ ನಿಭಾಯಿಸುತ್ತೆ. ಕಾನ್ಫಿಗ್ ಸ್ವಲ್ಪ ಉದ್ದ. ಸಂದೇಶಗಳು ಡೇಟಾಬೇಸಿನಲ್ಲೇ ಇರಬೇಕು ಅಂದರೆ ಗಮ್ಮುವಿನ ಡೀಮನ್ (ಹಿನ್ನೆಲೆಯಲ್ಲಿ ಸದಾ ಓಡೋ ಭಾಗ) ಹಾಕಿ. ಡಿಸ್ಕ್ ತುಂಬಿತು ಅಂತ ಅಪರೂಪಕ್ಕೊಂದು ಎಚ್ಚರಿಕೆ ಬಂದರೆ ಸಾಕು ಅನ್ನುವವರಿಗೆ ಇಷ್ಟೆಲ್ಲ ಯಾಕೆ, ಎಂಎಂಸಿಎಲ್‌ಐ ಧಾರಾಳ.