ಲೇಬರ್ ಡೇ ರಜೆಗೆ ಮನೆಮಂದಿಯೆಲ್ಲ ಟ್ಯೂಬಿಂಗ್: ಕೋಮಲ್ ನದಿಗೆ ಐದರಲ್ಲಿ ನಾಲ್ಕೂವರೆ

ಟೆಕ್ಸಸ್‌ನಲ್ಲಿರುವವರು ಸೆಪ್ಟೆಂಬರ್ ಮೊದಲ ಸೋಮವಾರ ಬರುವ ಲೇಬರ್ ಡೇ ವಾರಾಂತ್ಯಕ್ಕೆ ಮಕ್ಕಳನ್ನು, ಊರಿಂದ ಬಂದ ಅತ್ತೆ ಮಾವನನ್ನು ಕರೆದುಕೊಂಡು ಟ್ಯೂಬಿಂಗ್, ಅಂದರೆ ಗಾಳಿ ತುಂಬಿದ ರಬ್ಬರ್ ಟ್ಯೂಬಿನ ಮೇಲೆ ಕೂತು ನದಿಯಲ್ಲಿ ತೇಲುವುದಕ್ಕೆ, ಹೋಗೋಣ ಅಂತಿದ್ದರೆ ಕೋಮಲ್ ನದಿಗೇ ಹೋಗಿ. ಗ್ವಾಡಲೂಪೆ ಬೇಡ. ಎರಡೂ ಹರಿಯುವುದು ನ್ಯೂ ಬ್ರಾನ್‌ಫೆಲ್ಸ್ ಊರ ಮೂಲಕವೇ, ಆದರೆ ಸ್ವಭಾವ ಪೂರ್ತಿ ಬೇರೆ. ನಾವು ಎರಡರಲ್ಲೂ ತೇಲಿ ನೋಡಿದ್ದೇವೆ. ಮನೆಮಂದಿ ಜೊತೆ ಹೋಗುವವರ ಲೆಕ್ಕದಲ್ಲಿ ಕೋಮಲ್‌ಗೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಯಾಕೆ ಕಳೆದೆ ಅಂತ ಮುಂದೆ ಹೇಳುತ್ತೇನೆ.

ಕೋಮಲ್ ಪುಟ್ಟ ನದಿ. ಹುಟ್ಟುವುದು, ಹರಿಯುವುದು, ಕೊನೆಗೆ ಗ್ವಾಡಲೂಪೆಗೆ ಸೇರುವುದು ಎಲ್ಲ ಊರೊಳಗೇ, ಒಟ್ಟು ಸುಮಾರು 4 ಕಿಲೋಮೀಟರ್. ಲಾಂಡಾ ಪಾರ್ಕ್ ಹತ್ತಿರ ಎಡ್ವರ್ಡ್ಸ್ ಅನ್ನುವ ಅಂತರ್ಜಲ ಭಂಡಾರದ ನೀರು ಬಂಡೆ ಸಂದಿಯಿಂದ ಉಕ್ಕಿ ಬರುತ್ತದೆ. ನೆಲದೊಳಗಿನ ನೀರಾದ್ದರಿಂದ ವರ್ಷವಿಡೀ 22-23 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಹೊರಗೆ ಬಿಸಿಲು ಸುಡುತ್ತಿರುವಾಗ ಇಳಿದರೆ ಒಂದು ಕ್ಷಣ ಮೈ ಜುಂ ಎನ್ನುತ್ತದೆ, ಆಮೇಲೆ ಏಳುವುದಕ್ಕೇ ಮನಸ್ಸಾಗುವುದಿಲ್ಲ. ನೀರು ತುಂಬಾ ತಿಳಿ. ತಳದಲ್ಲಿ ಉದ್ದುದ್ದ ಹಸಿರು ಗಿಡ ಒಂದೇ ಕಡೆ ಬಾಗಿ ಆಡುತ್ತಿರುವುದು, ಅದರ ನಡುವೆ ಸಣ್ಣ ಮೀನು ಸರಕ್ಕನೆ ನುಗ್ಗುವುದು ಟ್ಯೂಬ್ ಮೇಲೆ ಕೂತೇ ಕಾಣುತ್ತದೆ. ನಮ್ಮ ಚಿಕ್ಕವಳು ಅಷ್ಟು ದೂರವೂ ಹೊಟ್ಟೆ ಮೇಲೆ ಮಲಗಿ ಕೆಳಗೇ ನೋಡುತ್ತಿದ್ದಳು.

ಗ್ವಾಡಲೂಪೆಗೆ ಮೇಲೆ ಕ್ಯಾನ್ಯನ್ ಲೇಕ್ ಅಣೆಕಟ್ಟು ಇದೆ. ಅಲ್ಲಿಂದ ಎಷ್ಟು ಬಿಡುತ್ತಾರೋ ಅದರ ಮೇಲೆ ನಿಮ್ಮ ಪ್ರವಾಸ ನಿಂತಿರುತ್ತದೆ. ಕೆಆರ್‌ಎಸ್ ಸುದ್ದಿಯಲ್ಲಿ ದಿನಾ ಕೇಳುವ ಕ್ಯೂಸೆಕ್ ಲೆಕ್ಕವೇ ಇಲ್ಲೂ. 1000 ದಾಟಿದರೆ ಊರೊಳಗೆ ಟ್ಯೂಬ್ ಇಳಿಸುವಂತಿಲ್ಲ. ಬರದ ವರ್ಷಗಳಲ್ಲಿ ಬೇಸಿಗೆಯ ಕೊನೆಗೆ ನೂರಕ್ಕಿಂತ ಕೆಳಗಿಳಿಯುತ್ತದೆ, ಆಗ ಟ್ಯೂಬ್ ಕಲ್ಲಿಗೆ ಕಚ್ಚಿಕೊಂಡು ಅಲ್ಲಲ್ಲಿ ಎದ್ದು ನಡೆಯಬೇಕಾಗುತ್ತದೆ. ಮೊಣಕಾಲು ನೋವಿರುವವರಿಗೆ ಜಾರುವ ಕಲ್ಲಿನ ಮೇಲೆ ಆ ನಡಿಗೆ ಬೇಡವೇ ಬೇಡ. ಇನ್ನೊಂದು, ಊರ ಗಡಿಯಿಂದ ಹೊರಗಿನ ಭಾಗದಲ್ಲಿ ರಜೆಯ ದಿನ ಕಾಲೇಜು ಹುಡುಗರ ಗುಂಪು, ಬಿಯರ್, ದೊಡ್ಡ ಸ್ಪೀಕರ್ ಜಾಸ್ತಿ. ಅವರವರ ಖುಷಿ ಅವರದು. ಅಜ್ಜಿ ಮೊಮ್ಮಕ್ಕಳ ಜೊತೆ ಹೋಗುವ ಜಾಗ ಅಲ್ಲ ಅಷ್ಟೇ.

ಕೋಮಲ್‌ನಲ್ಲಿ ಗಲಾಟೆ ಕಡಿಮೆ ಇರುವುದಕ್ಕೆ ಊರಿನ ಒಂದು ಕಾನೂನೂ ಕಾರಣ ಅಂತ ನನ್ನ ಅಭಿಪ್ರಾಯ. ಒಮ್ಮೆ ಬಳಸಿ ಬಿಸಾಡುವ ಕ್ಯಾನ್, ಬಾಟಲಿ, ಡಬ್ಬಿ ಯಾವುದನ್ನೂ ನದಿಗೆ ಒಯ್ಯುವಂತಿಲ್ಲ. 2011ರಲ್ಲಿ ಜನರೇ ಮತ ಹಾಕಿ ತಂದದ್ದು. 2014ರಲ್ಲಿ ಕೋರ್ಟಿನಲ್ಲಿ ಬಿದ್ದು, 2017ರಲ್ಲಿ ಮೇಲ್ಮನವಿ ಗೆದ್ದು ಮತ್ತೆ ಜಾರಿಗೆ ಬಂತು. ಗಾಜು ಮತ್ತು ಥರ್ಮಾಕೋಲ್ ಕೂಡ ಬೇಡ. ಅಂಗಡಿಯಲ್ಲಿ ಕೊಂಡ ನೀರಿನ ಬಾಟಲಿ ಕೈಯಲ್ಲಿ ಹಿಡಿದು ಬಂದವರನ್ನು ಇಳಿಯುವ ಜಾಗದಲ್ಲೇ ನಿಲ್ಲಿಸುತ್ತಾರೆ. ನಮ್ಮವರಿಗೆ ಇದು ಕಷ್ಟವೇ ಅಲ್ಲ, ಮನೆಯ ಸ್ಟೀಲ್ ಡಬ್ಬಿ ಸಾಕಲ್ವಾ? ನಾವು ಬಿಗಿ ಮುಚ್ಚಳದ ಡಬ್ಬಿಗಳಲ್ಲಿ ಪುಳಿಯೋಗರೆ, ಮೊಸರನ್ನ ತುಂಬಿಕೊಂಡು ಸ್ಟೀಲ್ ಬಾಟಲಿಗಳಲ್ಲಿ ನೀರು, ಮಜ್ಜಿಗೆ ಹಾಕಿ, ಎಲ್ಲವನ್ನೂ ಜಿಪ್ ಇರುವ ಪುಟ್ಟ ಕೂಲರ್‌ನಲ್ಲಿಟ್ಟು ಅದಕ್ಕೊಂದು ಟ್ಯೂಬ್ ತೆಗೆದುಕೊಂಡೆವು. ಒಗ್ಗರಣೆಯ ಕಡಲೇಬೀಜ ಮೆತ್ತಗಾಗದ ಹಾಗೆ ಬೇರೆ ಕಟ್ಟಿಕೊಂಡು ಹೋಗಿ, ನೀರಲ್ಲಿದ್ದು ಎದ್ದ ಮೇಲೆ ಆ ರುಚಿಯೇ ಬೇರೆ.

ಈಗ ಬಾಡಿಗೆ ಅಂಗಡಿ ವಿಷಯ. ನಾವು ಹೋದ ಅಂಗಡಿಯ ಹೆಸರು ಬೇಡ, ಯಾಕೆಂದರೆ ಹೆಚ್ಚುಕಡಿಮೆ ಎಲ್ಲ ಕಡೆ ಇದೇ ವ್ಯವಸ್ಥೆ. ಟ್ಯೂಬ್‌ಗೆ ತಲೆಗೆ 25 ಡಾಲರ್ ಆಸುಪಾಸು, ಪಾರ್ಕಿಂಗ್ ಬೇರೆ, ನದಿಯ ನಿರ್ವಹಣೆಗೆ ಅಂತ ಊರಿನವರು ತಲೆಗೆ ವಸೂಲು ಮಾಡುವ ಶುಲ್ಕ ಬೇರೆ. ಹಾಗಾಗಿ ವೆಬ್‌ಸೈಟಿನಲ್ಲಿ ಟ್ಯೂಬ್ ದರ ಒಂದನ್ನೇ ನೋಡಿ ಅಂಗಡಿ ಆರಿಸಬೇಡಿ. ನಾನು ನೋಡುವುದು ಮೂರೇ ವಿಷಯ. ಅಂಗಡಿಯಿಂದ ನೀರಿಗೆ ಎಷ್ಟು ನಡೆಯಬೇಕು, ಮಕ್ಕಳಿಗೆ ಸರಿಯಾದ ಅಳತೆಯ ಲೈಫ್ ಜಾಕೆಟ್ ಇದೆಯಾ, ತೇಲಿ ಮುಗಿದ ಮೇಲೆ ವಾಪಸ್ ಕರೆತರುವ ಬಸ್ಸು ಎಷ್ಟು ಹೊತ್ತಿಗೊಂದು. ಮೊದಲೆರಡರಲ್ಲಿ ನಮ್ಮ ಅಂಗಡಿ ಚೆನ್ನಾಗಿತ್ತು. ಲೈಫ್ ಜಾಕೆಟ್ ದುಡ್ಡಿಲ್ಲದೆ ಕೊಟ್ಟರು, ಕೌಂಟರ್ ಹುಡುಗಿ ತಾನೇ ಬಂದು ಮಗುವಿನ ಬೆಲ್ಟ್ ಎಳೆದು, ಭುಜ ಎತ್ತಿ ನೋಡಿ, ಅದು ಸಡಿಲ ಅಂತ ಬದಲಾಯಿಸಿ ಕೊಟ್ಟಳು. ಆದರೆ ಬಸ್ಸು! ಮಧ್ಯಾಹ್ನ ಎಲ್ಲರೂ ಒಟ್ಟಿಗೇ ನೀರಿಂದ ಏಳುತ್ತಾರೆ, ಸಾಲು ಬೆಳೆಯುತ್ತಲೇ ಹೋಗುತ್ತದೆ. ಒದ್ದೆ ಬಟ್ಟೆ, ನೆರಳಿಲ್ಲ, ಅಳುವ ಮಗು, ನಿಂತೇ ಇರುವ ವಯಸ್ಸಾದವರು. ರಜೆಯ ದಿನ ಅಷ್ಟು ಜನ ಬರುತ್ತಾರೆ ಅಂತ ಗೊತ್ತಿದ್ದೂ ಒಂದು ಶಾಮಿಯಾನ, ನಾಲ್ಕು ಬೆಂಚು ಹಾಕಿಸಬಾರದಾ? ಕಳೆದ ಆ ಅರ್ಧ ಅಂಕ ಇದಕ್ಕೇ.

ಕೋಮಲ್‌ನ ಪುಟ್ಟ ಅಣೆಕಟ್ಟಿನ ಪಕ್ಕದ ಟ್ಯೂಬ್ ಶೂಟ್ ಬಗ್ಗೆ ಹೇಳಲೇಬೇಕು. ಪ್ರಿನ್ಸ್ ಸೋಲ್ಮ್ಸ್ ಪಾರ್ಕ್ ಹತ್ತಿರ ಕಾಂಕ್ರೀಟ್ ಕಾಲುವೆಯೊಂದರಲ್ಲಿ ಟ್ಯೂಬ್ ಸಮೇತ ಜಾರಿ ಕೆಳಗಿನ ನೀರಿಗೆ ಬೀಳುವುದು. ದೊಡ್ಡ ಮಕ್ಕಳಿಗೆ ಇಡೀ ದಿನದಲ್ಲಿ ಇದೇ ಹಬ್ಬ. ಅಲ್ಲಿಗೆ ಬರುವ ಮೊದಲು ಟ್ಯೂಬ್‌ಗಳನ್ನು ಕಟ್ಟಿದ ಹಗ್ಗ ಬಿಚ್ಚಿಕೊಳ್ಳಿ, ಒಬ್ಬೊಬ್ಬರಾಗಿ ಹೋಗಿ, ಸೊಂಟ ಎತ್ತಿ ಹಿಡಿಯಿರಿ. ಕೆಳಗೆ ನೀರು ಸುಳಿದು ಸುತ್ತುತ್ತದೆ, ಟ್ಯೂಬ್ ಮಗುಚುವುದು ಮಾಮೂಲು, ಹಾಗಾಗಿ ಈಜು ಬಂದರೂ ಜಾಕೆಟ್ ಇರಲಿ. ಭಯ ಇರುವವರು ದಡಕ್ಕೆ ಹತ್ತಿ ನಡೆದು ಆಚೆ ಇಳಿಯಬಹುದು. ನಮ್ಮತ್ತೆಗೆ ಈಜು ಬರುವುದಿಲ್ಲ. ಶುರುವಿನಲ್ಲಿ ನನ್ನ ಟ್ಯೂಬಿನ ಹಿಡಿಯನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿ ಹಿಡಿದಿದ್ದರು. "ಏನೂ ಆಗಲ್ಲ ಅತ್ತೆ, ಕೈ ಬಿಡಿ" ಅಂದರೆ "ನೀನು ಸುಮ್ನಿರಮ್ಮ" ಅಂತ ಗದರಿದರು. ಶೂಟ್ ಹತ್ತಿರ ದಡ ಹತ್ತಿ ನಡೆದು ಬಂದವರು, ಮೊಮ್ಮಗ ಕಿರುಚಿಕೊಂಡು ಜಾರಿ ಬಂದದ್ದು ನೋಡಿ ಚಪ್ಪಾಳೆ ತಟ್ಟಿದರು. ಕೊನೆಯ ಭಾಗದಲ್ಲಿ ಕಾಲು ಚಾಚಿ, ಕಣ್ಣು ಮುಚ್ಚಿ, ದೇವರನಾಮ ಗುನುಗುತ್ತಾ ಒಬ್ಬರೇ ತೇಲುತ್ತಿದ್ದರು.

ನೀರಿಗೆ ಇಳಿಯಲು ಮನಸ್ಸಿಲ್ಲದವರಿಗೆ ಲಾಂಡಾ ಪಾರ್ಕ್ ಇದೆ. ದೊಡ್ಡ ಮರಗಳು, ಮೇಜು, ಮಕ್ಕಳ ಪುಟಾಣಿ ರೈಲು. ಮಾವನವರು ಅಲ್ಲೇ ಆರಾಮಾಗಿ ಕೂತಿದ್ದರು.

ಬಟ್ಟೆ ವಿಷಯದಲ್ಲಿ ಹತ್ತಿ ಚೂಡಿದಾರ್, ದುಪ್ಪಟ ಬೇಡ, ನೀರು ಕುಡಿದು ಭಾರವಾಗುತ್ತದೆ. ಲೆಗ್ಗಿಂಗ್ಸ್, ತೋಳಿರುವ ಟೀ ಶರ್ಟ್ ಸಾಕು. ಹವಾಯಿ ಚಪ್ಪಲಿ ತೇಲಿಕೊಂಡು ಹೋಗುತ್ತದೆ, ಹಿಂದೆ ಪಟ್ಟಿ ಇರುವುದು ಹಾಕಿ. ಬಿಸಿಲಿಗೆ ಟ್ಯೂಬಿನ ರಬ್ಬರ್ ಕಾದು ತೊಡೆಗೆ ಚುರುಕ್ ಅನ್ನುತ್ತದೆ, ಕೂರುವ ಮೊದಲು ನೀರು ಎರಚಿ. ಕಾರಿನ ಕೀ ಕುತ್ತಿಗೆಗೆ ಹಾಕುವ ನೀರು ಹೋಗದ ಚೀಲದಲ್ಲಿರಲಿ.

ಹವಾಮಾನವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಪ್ರದೇಶದಲ್ಲಿ ದಿಢೀರ್ ಪ್ರವಾಹ ಹೊಸದಲ್ಲ. 2025ರ ಜುಲೈ 4ರಂದು ಗ್ವಾಡಲೂಪೆಯ ಮೇಲ್ಭಾಗದಲ್ಲಿ, ಕೆರ್ ಕೌಂಟಿಯಲ್ಲಿ, ನೂರಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ಮಳೆ ಎಚ್ಚರಿಕೆ ಇದ್ದರೆ ದುಡ್ಡು ಹೋದರೂ ಹೋಗಲಿ, ಇಳಿಯಬೇಡಿ. ಬುಕ್ ಮಾಡುವಾಗಲೇ ನದಿ ಮುಚ್ಚಿದರೆ ದುಡ್ಡು ವಾಪಸ್ ಕೊಡುತ್ತಾರಾ ಅಂತ ಕೇಳಿಟ್ಟುಕೊಳ್ಳಿ.

ಯಾವ ದಿನ ಹೋಗಬೇಕು? ಶನಿವಾರ ಮಧ್ಯಾಹ್ನ ಖಂಡಿತ ಬೇಡ. ಸೋಮವಾರ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಹೋದರೆ ನೆಮ್ಮದಿ, ದೂರದಿಂದ ಬಂದವರು ಅಷ್ಟರಲ್ಲಿ ಊರಿಗೆ ಹೊರಟಿರುತ್ತಾರೆ. ಆಸ್ಟಿನ್, ಸ್ಯಾನ್ ಆಂಟೋನಿಯೋದವರು ಬೆಳಗ್ಗೆ ಹೋಗಿ ಸಂಜೆ ಬರಬಹುದು. ಹ್ಯೂಸ್ಟನ್, ಡಲ್ಲಾಸ್‌ನವರು ಉಳಿದುಕೊಳ್ಳಲೇಬೇಕು. ರಜೆಗೆ ಹೋಟೆಲುಗಳು ಎರಡು ಮೂರು ರಾತ್ರಿ ಕಡ್ಡಾಯ ಅನ್ನುವುದುಂಟು, ಬೇಗ ನೋಡಿಕೊಳ್ಳಿ. ಅಮೆರಿಕದ ಕನ್ನಡ ಕೂಟಗಳ 'ಅಕ್ಕ' ಸಮ್ಮೇಳನಕ್ಕೋ ಗಣೇಶನ ಹಬ್ಬಕ್ಕೋ ಆ ವಾರಾಂತ್ಯ ಸಿಕ್ಕಿಹಾಕಿಕೊಂಡವರು ಬೇಜಾರು ಮಾಡಿಕೊಳ್ಳಬೇಡಿ. ಲೇಬರ್ ಡೇ ಆದಮೇಲೂ ಹಲವು ಅಂಗಡಿಗಳು ಸೆಪ್ಟೆಂಬರ್‌ನಲ್ಲಿ ಶನಿವಾರ, ಭಾನುವಾರ ತೆರೆದಿರುತ್ತವೆ. ಬಿಸಿಲು ಹಾಗೇ ಇರುತ್ತದೆ, ನೀರೂ ಅದೇ, ಬಸ್ಸಿನ ಸಾಲು ಮಾತ್ರ ಇರುವುದಿಲ್ಲ.