ಜೆಬೆಲ್ ಅಖ್ದರ್‌ಗೆ ಹೋಗ್ತೀರಾ? ಮೊದಲು ಗಾಡಿಯ ಮುಲ್ಕಿಯಾ ನೋಡಿ

ಒಮಾನಿನ ಮಸ್ಕತ್‌ನಲ್ಲಿರುವ ನೆಂಟರ ಮನೆಗೆ ಬಂದವರು ಒಂದು ದಿನ ನಿಜ್ವಾ ಕಡೆ ಹೋಗಿಯೇ ಹೋಗುತ್ತಾರೆ. ಹೋಗಲೇಬೇಕಾದ ಊರೇ ಅದು. ಆದರೆ ಹತ್ತಿರದ ಜೆಬೆಲ್ ಅಖ್ದರ್ ಬೆಟ್ಟಕ್ಕೂ ಹೋಗುವ ಯೋಚನೆ ಇದ್ದರೆ, ಬಾಡಿಗೆ ಕಾರಿಗೆ ದುಡ್ಡು ಕೊಡುವ ಮೊದಲು ಇದನ್ನು ಓದಿಬಿಡಿ.

ನಮಗೆ ಕಾರು ಕೊಟ್ಟ ಏಜೆನ್ಸಿಯ ಹೆಸರು ಹೇಳುವುದಿಲ್ಲ. ಅಂಥವು ಬೇಕಾದಷ್ಟಿವೆ. ಭಾವ ಫೋನಿನಲ್ಲಿ ಬಿಡಿಸಿ ಹೇಳಿದ್ದರು, ಜೆಬೆಲ್ ಅಖ್ದರ್ ಹತ್ತಬೇಕು, ಫೋರ್ ವೀಲ್ ಡ್ರೈವ್ ಗಾಡಿಯೇ ಬೇಕು ಅಂತ. ‘ಆಯ್ತು ಸಾರ್, ಒಳ್ಳೆ ಎಸ್‌ಯುವಿ ಇದೆ’ ಅಂದರು. ಬಂದ ಗಾಡಿಯೂ ನೋಡಲು ಗಟ್ಟಿಮುಟ್ಟಾಗಿತ್ತು. ಒಳ್ಳೆ ಎತ್ತರ, ದಪ್ಪ ಟೈರು, ಮೇಲೆ ಕ್ಯಾರಿಯರ್. ಬಾಡಿಗೆಯನ್ನೂ ಫೋರ್ ವೀಲ್ ರೇಟಿನಲ್ಲೇ ತೆಗೆದುಕೊಂಡರು. ಒಂದು ರಿಯಾಲ್ ಅಂದರೆ 200 ರೂಪಾಯಿಗೂ ಮೇಲೆ, ನೆನಪಿರಲಿ.

ಬಿರ್ಕತ್ ಅಲ್ ಮೌಝ್ ಊರು ದಾಟಿದರೆ ಬೆಟ್ಟದ ಬುಡದಲ್ಲೇ ಪೊಲೀಸ್ ಚೆಕ್‌ಪೋಸ್ಟ್. ಅಲ್ಲಿಂದ ಮೇಲೆ ಫೋರ್ ವೀಲ್ ಗಾಡಿಗಳಿಗೆ ಮಾತ್ರ ಬಿಡುತ್ತಾರೆ. ಪೊಲೀಸಿನವನು ಮುಲ್ಕಿಯಾ, ಅಂದರೆ ಗಾಡಿಯ ನೋಂದಣಿ ಕಾರ್ಡ್ ಕೇಳಿದ. ಓದಿದ. ಆಮೇಲೆ ಕಿಟಕಿಯೊಳಗೆ ಬಗ್ಗಿ ಗೇರಿನ ಸುತ್ತ ಒಮ್ಮೆ ಕಣ್ಣಾಡಿಸಿದ. ಫೋರ್ ವೀಲ್ ಹಾಕುವ ಗುಂಡಿಯೂ ಇಲ್ಲ, ಲಿವರ್ರೂ ಇಲ್ಲ. ಮುಂದಿನ ಎರಡು ಚಕ್ರಕ್ಕಷ್ಟೇ ಎಂಜಿನ್ ಬಲ ಹೋಗುವ ಗಾಡಿ ಅದು. ಸಿಟ್ಟು ಮಾಡಲಿಲ್ಲ, ನಗುತ್ತಲೇ ತಿರುಗಿಸಿಕೊಂಡು ಹೋಗಿ ಅಂತ ಕೈ ಮಾಡಿದ. ನಮ್ಮಂಥವರನ್ನು ದಿನಾ ನೋಡುತ್ತಾನೇನೋ.

ಏಜೆನ್ಸಿಗೆ ಫೋನ್ ಮಾಡಿದರೆ, ‘ಎಸ್‌ಯುವಿ ಅಂದ್ವಿ, ಎಸ್‌ಯುವಿ ಕೊಟ್ವಿ ಅಲ್ವಾ ಸಾರ್?’

ಅಷ್ಟು ದೂರ ಬಂದಾಗಿತ್ತು. ಅಲ್ಲೇ ನಿಂತಿದ್ದ ಒಬ್ಬ ತನ್ನ ಫೋರ್ ವೀಲ್‌ನಲ್ಲಿ ಕರೆದುಕೊಂಡು ಹೋಗಿ ಬರುತ್ತೇನೆ ಅಂದ. ಹತ್ತುವಾಗ ಏನೂ ತೊಂದರೆ ಆಗಲಿಲ್ಲ. ಟಾರು ಹಾಕಿದ ಅಗಲವಾದ ರಸ್ತೆ. ‘ಇದಕ್ಕೆ ಫೋರ್ ವೀಲ್ ಯಾಕೆ, ಸುಮ್ನೆ’ ಅಂತ ಅಕ್ಕ ಗೊಣಗಿದರು. ಯಾಕೆ ಅಂತ ಇಳಿಯುವಾಗ ಗೊತ್ತಾಯಿತು. ಮೇಲಿನ ಸೈಕ್ ಬಯಲು ಸುಮಾರು 2000 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಇಳಿಜಾರು ಮುಗಿಯುವುದೇ ಇಲ್ಲ. ಇಳಿಯುವಾಗ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುವ ಲೋ ಗೇರ್ ಅನ್ನು ಆ ಮಹಾಶಯ ಹಾಕಲೇ ಇಲ್ಲ, ಬ್ರೇಕ್ ಮೇಲೆ ಕಾಲಿಟ್ಟವನು ತೆಗೆಯಲೂ ಇಲ್ಲ. ಶಿರಾಡಿ ಘಾಟಿಯಲ್ಲಿ ಲೋಡ್ ಲಾರಿ ಹಿಂದೆ ಇಳಿದವರಿಗೆ ಗೊತ್ತಿರುವ ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಭಾವ ಗದರಿಸಿ ಗಾಡಿ ನಿಲ್ಲಿಸಿದರು. ಮುಂದಿನ ಚಕ್ರದಿಂದ ಸಣ್ಣಗೆ ಹೊಗೆ. ಬ್ರೇಕ್ ಕೈಕೊಟ್ಟ ಗಾಡಿಗಳು ನುಗ್ಗಿ ನಿಲ್ಲಲಿ ಅಂತಲೇ ಆ ರಸ್ತೆಯ ಪಕ್ಕದಲ್ಲಿ ಅಲ್ಲಲ್ಲಿ ಏರು ದಾರಿ ಮಾಡಿಟ್ಟಿದ್ದಾರೆ. ಸುಮ್ಮನೆ ಮಾಡಿಲ್ಲ. ಬ್ರೇಕ್ ತಣ್ಣಗಾಗುವವರೆಗೆ ಮಕ್ಕಳನ್ನು ಕೆಳಗಿಳಿಸಿ ರಸ್ತೆ ಬದಿಯಲ್ಲಿ ಕೂತೆವು.

ಹಾಗಾಗಿ, ದುಡ್ಡು ಕೊಡುವ ಮೊದಲೇ ಮುಲ್ಕಿಯಾದ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಗೇರಿನ ಹತ್ತಿರದ ಫೋಟೋನೂ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಬೇರೆ ಏಜೆನ್ಸಿ ನೋಡಿ. ಡ್ರೈವರ್ ಇಟ್ಟುಕೊಂಡರೆ, ಇಳಿಯುವಾಗ ಲೋ ಗೇರ್ ಹಾಕಬೇಕು ಅಂತ ಹತ್ತುವ ಮೊದಲೇ ಹೇಳಿ, ಬೇಜಾರಾದರೆ ಆಗಲಿ. ಜೆಬೆಲ್ ಶಮ್ಸ್ ಬೆಟ್ಟದ ಕಡೆ ಹೋಗುವವರು ಇನ್ನೊಂದು ನೋಡಬೇಕು: ಟಾರಿಲ್ಲದ ರಸ್ತೆಯಲ್ಲಿ ಏನಾದರೂ ಆದರೆ ಇನ್ಶೂರೆನ್ಸ್ ಇಲ್ಲ ಅಂತ ಬಾಡಿಗೆ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ಬೆಟ್ಟ ಬೇಡ ಅಂದರೆ ಇದ್ಯಾವ ತಲೆನೋವೂ ಇಲ್ಲ. 17ನೇ ಶತಮಾನದ ನಿಜ್ವಾ ಕೋಟೆ, ಅದರ ದೈತ್ಯ ದುಂಡು ಬುರುಜು, ಶುಕ್ರವಾರ ಬೆಳಿಗ್ಗೆಯ ಮೇಕೆ ಸಂತೆ, ಖರ್ಜೂರದ ತೋಟಕ್ಕೆ ಇವತ್ತಿಗೂ ನೀರುಣಿಸುವ ಫಲಜ್ ದಾರಿಸ್ ಕಾಲುವೆ, ಆಚೆ ಬಹ್ಲಾ ಕೋಟೆ, ಎಲ್ಲಕ್ಕೂ ಮಾಮೂಲಿ ಕಾರು ಸಾಕು. ಕಾಲುವೆಯ ನೀರಿಗೆ ಕಾಲು ಇಳಿಬಿಟ್ಟು ಕೂತ ಮಕ್ಕಳನ್ನು ಎಬ್ಬಿಸುವುದೇ ಕಷ್ಟ. ನಮಗಂತೂ ಬೆಟ್ಟಕ್ಕಿಂತ ಅದೇ ಜಾಸ್ತಿ ಇಷ್ಟವಾಯಿತು.

ರೇಟಿನ ವ್ಯತ್ಯಾಸದ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಕೇಳಿದಾಗಲೆಲ್ಲ ಮ್ಯಾನೇಜರ್ ರಜೆ ಮೇಲೆ ಊರಿಗೆ ಹೋಗಿದ್ದಾರಂತೆ.